"ಎಲ್ಲಾರೂ ಕೂಡೇ ಮಾಡ್ತೇವ್ರಿ" ಅಂದ್ರೆ ಮಾಡಿದ್ದು ಯಾರು?

ರಾಣೆಬೆನ್ನೂರು ಕಡೆಯಿಂದ ಪತ್ರ ಬರ್ದಿರೋ ಅಕ್ಕಾ, ಹೆಸರು ಹಾಕಬ್ಯಾಡ್ರಿ ಅಂದಿದ್ದೀರಿ, ಹಾಕಿಲ್ಲ. ಬೇರೆ ಓದುಗರಿಗೋಸ್ಕರ ನಿಮ್ಮ ಪತ್ರದ ಸಾರ ಹೇಳ್ಬಿಡ್ತೀನಿ. ಟ್ಯಾಬ್ ಹಿಡ್ಕೊಂಡು ಇಬ್ರು ಮನೆಗೆ ಬಂದ್ರು, ಕೃಷಿಯಲ್ಲಿ ಮಹಿಳಾ ಸಬಲೀಕರಣದ ಸರ್ವೆ ಅಂದ್ರು, ಪಡಸಾಲೆಯಲ್ಲಿ ಮಾವ, ಯಜಮಾನ್ರು, ಮೈದುನ ಎಲ್ಲಾ ಕೂತಿರೋವಾಗ್ಲೇ ನಿಮ್ಮ ಅತ್ತೆಯವರನ್ನ ಯಾವ ಬೆಳೆ ಹಾಕ್ಬೇಕು ಅಂತ ಯಾರು ತೀರ್ಮಾನ ಮಾಡ್ತೀರಿ ಅಂತ ಕೇಳಿದ್ರು, ಅತ್ತೆ "ಎಲ್ಲಾರೂ ಕೂಡೇ ಮಾಡ್ತೇವ್ರಿ" ಅಂದ್ರು, ಅವರು ಟ್ಯಾಬ್ ಒತ್ತಿ ಮುಂದಿನ ಪ್ರಶ್ನೆಗೆ ಹೋದ್ರು. ಗೋವಿನಜೋಳದ ಬೀಜ ತಂದಿದ್ದು ಅತ್ತೆಗೆ ಗೊತ್ತಾಗಿದ್ದೇ ಚೀಲ ಇಳಿಸುವಾಗ ಅಂತೀರಿ. ಇನ್ನು ಸೀಡ್ಸ್ ಪ್ಲಾಟಿನಲ್ಲಿ ದಿನಾ ಕ್ರಾಸಿಂಗ್ (ಬೀಜಕ್ಕೋಸ್ಕರ ಹೂವಿಗೆ ಕೈಯಾರೆ ಪರಾಗ ಮುಟ್ಟಿಸೋ ಕೆಲಸ) ಮಾಡೋ ನಿಮ್ಮನ್ನ ಯಾರೂ ಏನೂ ಕೇಳ್ಲಿಲ್ಲ, ನೀವು ಚಹಾ ಮಾಡಿ ಕೊಟ್ರಿ. "ಇಂಥಾ ಸುಳ್ಳು ಲೆಕ್ಕ ಯಾಕ್ ಬೇಕ್ರಿ, ನಿಲ್ಲಸ್ರಿ ಅಂತ ಬರೀರಿ" ಅನ್ನೋದು ನಿಮ್ಮ ಸಿಟ್ಟು.

ನಿಲ್ಲಿಸಿ ಅಂತ ನಾನು ಬರೆಯಲ್ಲ ಅಕ್ಕಾ. ಲೆಕ್ಕಾನೇ ಇಲ್ಲ ಅಂದ್ರೆ ಆಫೀಸಲ್ಲಿ ಕೂತೋರು ನಮ್ಮ ಯೋಜನೆಯಿಂದ ಹೆಣ್ಮಕ್ಕಳೆಲ್ಲಾ ಉದ್ಧಾರ ಆದ್ರು ಅಂತ ಬರ್ಕೋತಾರೆ, ಅಲ್ಲ ಅನ್ನೋಕೆ ನಮ್ಮ ಕೈಲಿ ಏನೂ ಇರಲ್ಲ. ಆದ್ರೆ ಕೇಳೋ ರೀತಿ ಕೆಟ್ಟಿದೆ ಅನ್ನೋದು ನಿಜ, ಅದನ್ನ ರಿಪೇರಿ ಮಾಡ್ಬಹುದು.

ನಿಮ್ಮನೆಗೆ ಬಂದಿದ್ದು ಯಾರ ಸರ್ವೆ ಅಂತ ನೀವು ಬರ್ದಿಲ್ಲ, ಇರ್ಲಿ. ಇಂಥವುಗಳಲ್ಲಿ ಬಹಳ ಹೆಸರಾಗಿರೋದು 2012ರಲ್ಲಿ ಅಂತರರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆ, ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್, ಆಕ್ಸ್‌ಫರ್ಡ್ ಯೂನಿವರ್ಸಿಟಿಯ ಬಡತನ ಅಧ್ಯಯನ ಕೇಂದ್ರ ಮೂರೂ ಸೇರಿ ತಂದ ಕೃಷಿಯಲ್ಲಿ ಮಹಿಳಾ ಸಬಲೀಕರಣ ಸೂಚ್ಯಂಕ, ಅಂದ್ರೆ ಹೆಂಗಸರ ಕೈಲಿ ಎಷ್ಟು ಅಧಿಕಾರ ಇದೆ ಅಂತ ಅಂಕ ಹಾಕಿ ಅಳೆಯೋ ಲೆಕ್ಕ. ಬಾಂಗ್ಲಾದೇಶ, ಗ್ವಾಟೆಮಾಲ, ಉಗಾಂಡದಲ್ಲಿ ಮೊದಲು ಟ್ರೈ ಮಾಡಿ ನೋಡಿದ್ರು. ಬೇಸಾಯದ ತೀರ್ಮಾನ, ಆಸ್ತಿ-ಸಾಲ, ಆದಾಯ, ಮುಂದಾಳ್ತನ, ಸಮಯ ಅಂತ ಐದು ಭಾಗ, ಹತ್ತು ಸೂಚಕ, 80% ಅಂಕ ಬಂದ್ರೆ ಆ ಹೆಂಗಸು ಸಬಲೆ. ಅದಕ್ಕೆ ಮುಂಚೆ ಯಜಮಾನನೊಬ್ಬನ್ನ ಕೇಳಿ ಇಡೀ ಮನೆ ಕಥೆ ಬರ್ಕೊಂಡು ಹೋಗೋದೇ ರೂಢಿ ಆಗಿತ್ತು, ಇವರು ಗಂಡಸು ಹೆಂಗಸು ಇಬ್ರನ್ನೂ ಬೇರೆ ಬೇರೆ ಕೇಳ್ಬೇಕು ಅಂತ ಮಾಡಿದ್ರು, ಅದು ದೊಡ್ಡ ಕೆಲಸಾನೇ. ಬಾಂಗ್ಲಾದೇಶದಲ್ಲಿ ಹಾಗೆ ಸಿಕ್ಕ ಉತ್ತರಗಳನ್ನ ಪಕ್ಕಪಕ್ಕ ಇಟ್ಟು ನೋಡಿದ್ರೆ ಆಸ್ತಿ ಯಾರದು, ತೀರ್ಮಾನ ಯಾರದು ಅನ್ನೋದ್ರಲ್ಲಿ ಎಷ್ಟೋ ಗಂಡ-ಹೆಂಡ್ತಿ ಮಾತು ಒಂದಕ್ಕೊಂದು ತಾಳೆನೇ ಆಗ್ತಿರ್ಲಿಲ್ಲ. ನನ್ನ ಕೇಳಿದ್ರೆ ಇಡೀ ಸರ್ವೆಯಲ್ಲಿ ನಿಜವಾದ ಸುದ್ದಿ ಇರೋದೇ ಆ ವ್ಯತ್ಯಾಸದಲ್ಲಿ.

ಆದ್ರೆ ಅಲ್ಲೂ ಕೇಳೋದು ಮನೆಯ ಮುಖ್ಯ ಗಂಡಸು, ಮುಖ್ಯ ಹೆಂಗಸನ್ನ. ನಮ್ಮ ಕೂಡುಕುಟುಂಬದಲ್ಲಿ ಮುಖ್ಯ ಹೆಂಗಸು ಅಂದ್ರೆ ಅತ್ತೆ, ಸೊಸೆ ಲೆಕ್ಕಕ್ಕೇ ಬರಲ್ಲ, ಅತ್ತೆ-ಸೊಸೆ ನಡುವೆ ಯಾರ ಮಾತು ನಡೆಯುತ್ತೆ ಅನ್ನೋದಂತೂ ಯಾವ ಕಾಲಮ್ಮಿಗೂ ಹೋಗಲ್ಲ. ನಿಮಗೆ ಆಗಿದ್ದೂ ಅದೇ.

ಈಗ ಆ "ಕೂಡೇ" ವಿಷಯ. ಮಾವ ಎದುರಿಗೆ ಕೂತಿರೋವಾಗ ಹೊರಗಿನೋರು ಬಂದು ಕೇಳಿದ್ರೆ ಯಾವ ಅತ್ತೆ ತಾನೇ ನನ್ನನ್ನ ಯಾರೂ ಕೇಳಲ್ಲ ಅಂತಾರೆ? ಅವರು ಹೇಳಿದ್ದು ಸುಳ್ಳಲ್ಲ, ಮನೆ ಮರ್ಯಾದೆ. ಅದಕ್ಕೇ ಸಾಮಾನ್ಯವಾಗಿ ಯಾರು ತೀರ್ಮಾನ ಮಾಡ್ತೀರಿ ಅಂತ ಕೇಳೋದನ್ನ ಬಿಟ್ಟು ನಡೆದುಹೋದ ಒಂದೇ ಒಂದು ಸಂಗತಿ ಹಿಡ್ಕೊಂಡು ಕೇಳ್ಬೇಕು. ಕಳೆದ ಸಲ ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಹೋದಾಗ ಇವತ್ತೇ ಕಳಿಸೋಣ ಅಂತ ಅಂದಿದ್ಯಾರು, ರೇಟು ನಿಮಗೆ ಯಾವಾಗ ಗೊತ್ತಾಯ್ತು, ದುಡ್ಡು ಯಾರ ಖಾತೆಗೆ ಬಿತ್ತು, ಅದರಲ್ಲಿ ಯಾರನ್ನೂ ಕೇಳದೆ ನೀವು ಎಷ್ಟು ಖರ್ಚು ಮಾಡಿದ್ರಿ, ನೀವು ಬೇಡ ಅಂದು ನಿಂತ ಕೆಲಸ ಯಾವುದಾದ್ರೂ ಇದ್ಯಾ. ಇಂಥ ಪ್ರಶ್ನೆಗೆ "ಕೂಡೇ" ಅಂದು ತಪ್ಪಿಸ್ಕೊಳ್ಳೋದು ಕಷ್ಟ.

ಸಂಘದ ವಿಷಯದಲ್ಲೂ ಅಷ್ಟೇ. ಸ್ವಸಹಾಯ ಸಂಘದಲ್ಲಿ ಇದ್ದೀರಾ ಅಂದ್ರೆ ನಮ್ಮೂರುಗಳಲ್ಲಿ ಮನೆಮನೆಯಲ್ಲೂ ಹೌದು ಅಂತಾರೆ, ಅಂಕ ಬೀಳುತ್ತೆ. ಹೋದ ಸಲದ ಸಂಘದ ಸಾಲ ಯಾರ ಬೋರ್‌ವೆಲ್ಲಿಗೋ ಬೈಕಿಗೋ ಹೋಯ್ತು, ವಾರದ ಕಂತು ಕಟ್ಟೋಕೆ ಕೂಲಿಗೆ ಹೋದೋರು ಯಾರು ಅಂತ ಕೇಳಿದ್ರೆ ಅದೇ ಅಂಕ ಉಳಿಯುತ್ತಾ ನೋಡ್ಬೇಕು. ಇನ್ನು ಸಭೆಯಲ್ಲಿ ಎದ್ದು ಮಾತಾಡೋಕೆ ಧೈರ್ಯ ಇದ್ಯಾ ಅನ್ನೋ ಪ್ರಶ್ನೆ, ಆ ಸೂಚ್ಯಂಕದ ಮೊದಲ ಸರ್ವೆಯಲ್ಲಿತ್ತು, ಆಮೇಲೆ ಹತ್ತು ಸೂಚಕ ಆರಕ್ಕೆ ಇಳಿಸಿ ಚಿಕ್ಕದು ಮಾಡಿದಾಗ ಕೈಬಿಟ್ರು. ಗ್ರಾಮಸಭೆ ನಡೆಯೋ ಕರ್ನಾಟಕದಲ್ಲಿ ನಾನಾಗಿದ್ರೆ ಬಿಡ್ತಿರ್ಲಿಲ್ಲ.

ಅದೇ ಸೂಚ್ಯಂಕದ 2019ರ ಹೊಸ ರೂಪದಲ್ಲಿ ಒಂದು ಉಪಾಯ ನನಗೆ ಹಿಡಿಸ್ತು. ನೇರವಾಗಿ ಕೇಳೋ ಬದಲು ಚಿಕ್ಕ ಕಥೆ ಹೇಳ್ತಾರೆ: ಒಬ್ಬಾಕೆ ಗಂಡ ಬೈತಾನೆ ಅಂತ ದುಡ್ಡನ್ನ ಅವನು ಹೇಳಿದ ಹಾಗೆ ಖರ್ಚು ಮಾಡ್ತಾಳೆ, ಇನ್ನೊಬ್ಬಾಕೆ ತನಗೆ ಸರಿ ಅನ್ಸಿದ್ದಕ್ಕೆ ಖರ್ಚು ಮಾಡ್ತಾಳೆ, ನೀವು ಯಾರ ಥರ? ಬೇರೆಯವಳ ಕಥೆ ಆದ್ರೆ ನಮ್ಮ ಹೆಣ್ಮಕ್ಕಳು ಬಾಯಿ ಬಿಡ್ತಾರೆ, ಅದು ನಿಮಗೂ ಗೊತ್ತು.

ಸಮಯದ ಲೆಕ್ಕ ಇನ್ನೊಂದು ಗೋಳು. ನಿನ್ನೆಯ 24 ಗಂಟೆಯನ್ನ 15 ನಿಮಿಷದ ತುಂಡು ಮಾಡಿ ಏನೇನ್ ಮಾಡಿದ್ರಿ ಅಂತ ಕೇಳ್ತಾರೆ, ಕೆಲಸ ಹತ್ತೂವರೆ ಗಂಟೆ ದಾಟಿದ್ರೆ ಹೊರೆ ಜಾಸ್ತಿ ಅಂತ. ಕ್ರಾಸಿಂಗ್ ಸೀಸನ್ನಲ್ಲಿ ಬೆಳಗಾಗೋ ಮುಂಚೆ ಎದ್ದು ಅಡುಗೆ ಮುಗಿಸಿ ಪ್ಲಾಟಿಗೆ ಹೋಗಿ ಒಂದೊಂದೇ ಹೂವಿನ ಕೇಸರ ಕಿತ್ತು ಪರಾಗ ಮುಟ್ಟಿಸೋ ನಿಮ್ಮ ದಿನ ಬೇರೆ, ಹೊಲ ಖಾಲಿ ಇರೋ ಏಪ್ರಿಲ್ ದಿನ ಬೇರೆ. ಒಂದೇ "ನಿನ್ನೆ" ಕೇಳಿದ್ರೆ ಯಾವ ನಿನ್ನೆ ಸಿಗುತ್ತೋ ಅದೃಷ್ಟ. ವರ್ಷಕ್ಕೆ ಎರಡು ಸಲನಾದ್ರೂ ಕೇಳ್ಬೇಕು. ಹಾಗಂತ ಕೆಲಸ ಕಮ್ಮಿ ಇದ್ರೆ ಸಬಲೆ ಅಂತಲೂ ಅಲ್ಲ, ಹೊಲದ ಮುಖಾನೇ ನೋಡದ ದೊಡ್ಡ ಮನೆ ಸೊಸೆಗೆ ಪುರುಸೊತ್ತು ಇರುತ್ತೆ, ಮಾತು ಇರಲ್ಲ.

ಭೂಮಿ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. 2015-16ರ ಕೃಷಿ ಗಣತಿ ಪ್ರಕಾರ ದೇಶದ ಹಿಡುವಳಿಗಳಲ್ಲಿ ಹೆಂಗಸರು ನಡೆಸೋದು ಸುಮಾರು 14%. ಪಹಣಿಯಲ್ಲಿ ಹೆಸರಿದ್ಯಾ ಅಂತ ಮಾತ್ರ ಕೇಳಿದ್ರೆ ಸಬ್ಸಿಡಿಗೋಸ್ಕರ ಹೆಸರು ಸೇರಿಸಿದ್ದೂ ಅದರಲ್ಲೇ ಸೇರಿಹೋಗುತ್ತೆ. ನಮ್ಮ ರಾಜ್ಯದಲ್ಲಿ 1994ರಲ್ಲೇ, ದೇಶಕ್ಕೆಲ್ಲಾ 2005ರಲ್ಲಿ ಹಿಂದೂ ಕುಟುಂಬದ ಹೆಣ್ಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂತಲ್ಲ, ಹಾಗಾಗಿ ನಾನು ಸೇರಿಸೋ ಪ್ರಶ್ನೆ ಇದು: ತವರಿನಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದೀರಾ, ಹಾಕುವಾಗ ಅದರಲ್ಲಿ ಏನಿದೆ ಅಂತ ಯಾರಾದ್ರೂ ಓದಿ ಹೇಳಿದ್ರಾ?

ಸರ್ವೆಗೆ ಬರೋ ಹುಡುಗೀರ ಮೇಲೆ ಸಿಟ್ಟು ಬೇಡ ಅಕ್ಕಾ. ಫಾರ್ಮಿಗೆ ಇಷ್ಟು ಅಂತ ದುಡ್ಡು ಕೊಟ್ರೆ ಯಾರಾದ್ರೂ ಓಡಿಸ್ಕೊಂಡೇ ಹೋಗ್ತಾರೆ. ದಿನದ ಸಂಬಳ ಕೊಟ್ಟು, ದಿನಕ್ಕೆ ಕೆಲವೇ ಮನೆ ಅಂತ ಮಾಡಿದ್ರೆ ಹಿತ್ತಲಿಗೋ ಹೊಲದ ಬದುವಿಗೋ ಬಂದು ಒಬ್ರನ್ನೇ ಕೂರಿಸ್ಕೊಂಡು ಮಾತಾಡೋಕೆ ಪುರುಸೊತ್ತು ಸಿಗುತ್ತೆ.

ಮತ್ತೆ ಬಂದ್ರೆ, ನನ್ನನ್ನೂ ಕೇಳಿ, ಬೇರೆ ಕೂರಿಸಿ ಕೇಳಿ ಅನ್ನಿ. ಇಷ್ಟ ಇಲ್ಲದ ಪ್ರಶ್ನೆಗೆ ಉತ್ತರ ಕೊಡಲ್ಲ ಅನ್ನೋಕೂ ನಿಮಗೆ ಹಕ್ಕಿದೆ. ರಿಸಲ್ಟ್ ಏನಾಯ್ತು, ಊರಿಗೆ ಬಂದು ಯಾವಾಗ ಹೇಳ್ತೀರಿ ಅಂತಲೂ ಕೇಳಿ. ನೀವೇ ಪ್ರಶ್ನೆ ಬರೆಯೋದಾದ್ರೆ ಏನೇನ್ ಕೇಳ್ತೀರಿ ಅಂತ ನಮಗೆ ಕಳಿಸಿ, ಅತ್ತೆಯವರ ಪ್ರಶ್ನೆ ಇದ್ರೆ ಅದನ್ನೂ ಸೇರಿಸಿ, ಹೆಸರಿಲ್ಲದೇ ಹಾಕ್ತೀವಿ.

— ಸಂಪಾದಕ