ಫಾಸ್ಟ್ ಚಾರ್ಜರ್‌ಗಳು ಹೆದ್ದಾರಿ ಬದಿಯಲ್ಲೇ ಯಾಕೆ ಜಾಸ್ತಿ?

ಮಂಗಳೂರು, ಉಡುಪಿಯ ಒಳಗೆ ಎಲೆಕ್ಟ್ರಿಕ್ ಕಾರಿನಲ್ಲಿ ಓಡಾಡುವ ಹೆಚ್ಚಿನವರು ರಾತ್ರಿ ಮನೆಯಲ್ಲೇ ಕಾರು ಚಾರ್ಜ್ ಮಾಡಿಕೊಳ್ಳುತ್ತಾರೆ. ಫಾಸ್ಟ್ ಚಾರ್ಜರ್ ನಿಜವಾಗಿ ಬೇಕಾಗುವುದು ದೂರ ಹೊರಟವರಿಗೆ. ಅದಕ್ಕೇ ಅವು ಹೆದ್ದಾರಿಯ ಹೋಟೆಲ್, ಪೆಟ್ರೋಲ್ ಬಂಕ್‌ಗಳ ಹತ್ತಿರ ಬರುತ್ತಿವೆ.

ಮಂಗಳೂರಿಂದ ಉಡುಪಿಗೆ ಹೋಗಿ ಬಂದರೆ ಸುಮಾರು 120 ಕಿ.ಮೀ. 30 ಯೂನಿಟ್ ಹಿಡಿಯುವ ಬ್ಯಾಟರಿಗೆ ಇದು ದೊಡ್ಡದಲ್ಲ. ಮನೆಯ 15 ಆಂಪಿಯರ್ ಪ್ಲಗ್ ಗಂಟೆಗೆ ಸುಮಾರು 3 ಯೂನಿಟ್ ಕೊಡುತ್ತದೆ, ಊಟ ಮುಗಿಸಿ ಹಾಕಿದರೆ ಬೆಳಿಗ್ಗೆ ಹೊರಡಬಹುದು. ಬೆಂಗಳೂರಿಗಾದರೆ ಸುಮಾರು 350 ಕಿ.ಮೀ., ಜೊತೆಗೆ ಶಿರಾಡಿ ಘಾಟಿಯ ಏರು. ಅಲ್ಲಿ ದಾರಿ ಮಧ್ಯೆ ಹತ್ತು ಗಂಟೆ ಕಾಯಲು ಆಗುತ್ತದಾ?

ವೇಗದ ಗುಟ್ಟು ಇಷ್ಟೇ. ಮನೆಗೆ ಬರುವ ಕರೆಂಟು ಎಸಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವುದು; ಬ್ಯಾಟರಿ ತುಂಬಿಕೊಳ್ಳುವುದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವುದು. ಮನೆಯಲ್ಲಿ ಎಸಿಯನ್ನು ಡಿಸಿ ಮಾಡುವುದು ಕಾರಿನೊಳಗಿನ ಪುಟ್ಟ ಪೆಟ್ಟಿಗೆ, ಅದರ ಶಕ್ತಿ ಕಡಿಮೆ. ಫಾಸ್ಟ್ ಚಾರ್ಜರ್ ಅಂದರೆ ಅದೇ ಕೆಲಸದ ದೊಡ್ಡ ಪೆಟ್ಟಿಗೆ, ಕಪಾಟಿನಂತೆ ಹೊರಗೇ ನಿಂತಿರುತ್ತದೆ. ದಪ್ಪ ಕೇಬಲ್‌ನಲ್ಲಿ ಡಿಸಿ ನೇರ ಬ್ಯಾಟರಿಗೆ ಹೋಗುತ್ತದೆ. 60 ಕಿಲೋವ್ಯಾಟಿನ ಒಂದು ಚಾರ್ಜರ್ ಮನೆಯ 15 ಆಂಪಿಯರಿನ ಸುಮಾರು 20 ಪ್ಲಗ್‌ಗಳಷ್ಟು ಕರೆಂಟು ಎಳೆಯಬಲ್ಲದು. ಇದಕ್ಕೆ ಗಟ್ಟಿ ಲೈನು ಬೇಕು, ಕಾರು ನಿಲ್ಲಿಸಲು ಜಾಗ ಬೇಕು. ಮಂಗಳೂರು ಪೇಟೆ ನಡುವಿನ ಹಂಪನಕಟ್ಟೆಯಂಥ ಕಡೆ ಎರಡೂ ಕಷ್ಟ.

ಚಾರ್ಜಿಂಗ್ ಸ್ಟೇಷನ್ ಹಾಕಲು ಲೈಸೆನ್ಸ್ ಬೇಡ ಎಂದು ಕೇಂದ್ರ ಸರ್ಕಾರ 2018ರಲ್ಲೇ ಹೇಳಿದ್ದರಿಂದ ಖಾಸಗಿಯವರಿಗೂ ಇದು ಸುಲಭವಾಯಿತು.

ನನಗೆ ಚಿಂತೆ ಫ್ಲಾಟ್‌ನಲ್ಲಿ ಇರುವವರದ್ದು. ಪಾರ್ಕಿಂಗ್‌ನಲ್ಲಿ ಸ್ವಂತ ಪ್ಲಗ್ ಇಲ್ಲದಿದ್ದರೆ ಅವರಿಗೆ ಊರೊಳಗೂ ಫಾಸ್ಟ್ ಚಾರ್ಜರ್ ಬೇಕೇ ಬೇಕು.