ಮಗನದು ಐಫೋನ್, ಅಮ್ಮನದು ಆಂಡ್ರಾಯ್ಡ್: ಕಡಿವಾಣ ಎಲ್ಲಿಂದ ಹಾಕೋದು?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ. ಮನೆಯಲ್ಲಿ ರೇಷ್ಮೆ ರೀಲಿಂಗ್ ಕೆಲಸ, ಬೆಳಗಾದರೆ ನಾನೂ ಯಜಮಾನರೂ ಅದರಲ್ಲೇ ಮುಳುಗಿರುತ್ತೇವೆ. ಮಗನಿಗೆ 15 ವರ್ಷ, ಎಸ್ಸೆಸ್ಸೆಲ್ಸಿ. ಬೆಂಗಳೂರಿನಲ್ಲಿರುವ ನನ್ನ ತಮ್ಮ ತನ್ನ ಹಳೇ ಐಫೋನ್ ಅವನಿಗೆ ಕೊಟ್ಟಿದ್ದಾನೆ. ಎಂಟನೇ ಕ್ಲಾಸಿನ ಮಗಳದ್ದೂ ನನ್ನದೂ ಆಂಡ್ರಾಯ್ಡ್. ಮಕ್ಕಳ ಫೋನ್ ಮೇಲೆ ಹಿಡಿತ ಇಡುವ ಫ್ಯಾಮಿಲಿ ಲಿಂಕ್ ಆಪ್ ಹಾಕಿಕೊಂಡೆ. ಮಗಳ ಫೋನ್ ಹಿಡಿತಕ್ಕೆ ಬಂತು, ಮಗನ ಫೋನಿನ ಆಪ್‌ಗಳು ಕಾಣುವುದೇ ಇಲ್ಲ. ರಾತ್ರಿ ಹನ್ನೆರಡಾದರೂ ಇನ್‌ಸ್ಟಾಗ್ರಾಮ್ ರೀಲ್ಸ್. ಟ್ಯೂಷನ್ ನೋಟ್ಸ್ ವಾಟ್ಸಾಪ್‌ನಲ್ಲೇ ಬರುವುದರಿಂದ ಫೋನ್ ಕಿತ್ತಿಡೋಕೂ ಆಗಲ್ಲ. ಅವನ ಮೆಸೇಜ್ ಓದುವ ಆಪ್ ಏನಾದರೂ ಇದೆಯಾ?

ಉತ್ತರ: ನೀವು ತಪ್ಪೇನೂ ಮಾಡಿಲ್ಲ. ಫ್ಯಾಮಿಲಿ ಲಿಂಕ್ ಗೂಗಲ್‌ನದು. ಅಪ್ಪ ಅಮ್ಮನ ಫೋನ್ ಯಾವುದಾದರೂ ಆಗುತ್ತದೆ, ಆದರೆ ಆಪ್‌ಗೆ ಬೀಗ ಹಾಕಬೇಕೆಂದರೆ ಮಗುವಿನ ಫೋನ್ ಆಂಡ್ರಾಯ್ಡೇ ಆಗಿರಬೇಕು. ಐಫೋನಿನಲ್ಲಿ ಆ ಕೆಲಸ ಮಾಡುವುದು ಆಪಲ್‌ನ ಸ್ಕ್ರೀನ್ ಟೈಮ್. ಅದನ್ನು ದೂರದಿಂದ ನಡೆಸಲು ನಿಮ್ಮ ಹತ್ತಿರವೂ ಆಪಲ್ ಸಾಧನ ಬೇಕು. ನಿಮ್ಮ ಬಳಿ ಇಲ್ಲ ಅಲ್ವಾ? ಹಾಗಾದರೆ ಮಗನ ಫೋನನ್ನೇ ಕೈಗೆ ತೆಗೆದುಕೊಂಡು ಹಾಕಬೇಕು. ಒಮ್ಮೆ ಕೂತರೆ ಆಗುವ ಕೆಲಸ.

ಅದಕ್ಕೂ ಮುಂಚೆ ಒಂದು ವಿಷಯ ನೋಡಿ. ಆ ಫೋನಿನಲ್ಲಿ ಇನ್ನೂ ನಿಮ್ಮ ತಮ್ಮನ ಆಪಲ್ ಅಕೌಂಟೇ ಇದೆಯಾ? ಬಂಧುಗಳು ಕೊಟ್ಟ ಹಳೇ ಫೋನಿನಲ್ಲಿ ಹೀಗೆ ಉಳಿದುಬಿಡುವುದು ಜಾಸ್ತಿ. ಇದ್ದರೆ, ಬೇಕಾದ ಫೋಟೊ, ನೋಟ್ಸ್ ಬೇರೆ ಕಡೆ ಉಳಿಸಿಕೊಂಡು, ತಮ್ಮನಿಂದಲೇ ಸೈನ್ ಔಟ್ ಮಾಡಿಸಿ, ಫೋನ್ ಪೂರ್ತಿ ಅಳಿಸಿ, ಮಗನ ಹೆಸರಿನಲ್ಲಿ ಹೊಸದಾಗಿ ಶುರುಮಾಡಿ. ಹುಟ್ಟಿದ ದಿನಾಂಕ ನಿಜವಾದದ್ದೇ ಹಾಕಿ.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್ ಟೈಮ್ ತೆರೆದು 'ಲಾಕ್ ಸ್ಕ್ರೀನ್ ಟೈಮ್ ಸೆಟ್ಟಿಂಗ್ಸ್' ಒತ್ತಿ. ನಾಲ್ಕು ಅಂಕಿಯ ಪಾಸ್‌ಕೋಡ್ ಕೇಳುತ್ತದೆ. ಮನೆಯವರ ಹುಟ್ಟಿದ ವರ್ಷ, ಸ್ಕೂಟರ್ ನಂಬರ್ ಬೇಡ, ಹುಡುಗರು ಮೊದಲು ಊಹಿಸುವುದು ಅವನ್ನೇ. ಮರೆತರೆ ಬಿಡಿಸಲು ಒಂದು ಆಪಲ್ ಅಕೌಂಟ್ ಕೇಳುತ್ತದೆ. ಅಲ್ಲಿ ಮಗನದ್ದನ್ನು ಕೊಟ್ಟರೆ ಬೀಗದ ಜೊತೆ ಕೀಲಿಯನ್ನೂ ಅವನಿಗೇ ಕೊಟ್ಟ ಹಾಗೆ. ಐಫೋನ್ ಇಲ್ಲದಿದ್ದರೂ ಆಪಲ್‌ನ ವೆಬ್‌ಸೈಟಿನಲ್ಲಿ ನಿಮ್ಮದೇ ಅಕೌಂಟ್ ಮಾಡಿಕೊಳ್ಳಬಹುದು, ಅದನ್ನು ಕೊಡಿ.

ಡೌನ್‌ಟೈಮ್‌ನಲ್ಲಿ, ಅಂದರೆ ಆಪ್‌ಗಳು ಬಂದ್ ಇರಬೇಕಾದ ಹೊತ್ತಿನಲ್ಲಿ, ರಾತ್ರಿ 10ರಿಂದ ಬೆಳಿಗ್ಗೆ 6 ಅಂತ ಇಡಿ. ಆಪ್ ಲಿಮಿಟ್ಸ್‌ನಲ್ಲಿ ಇನ್‌ಸ್ಟಾಗ್ರಾಮ್‌ಗೆ ಅರ್ಧ ಗಂಟೆ. ಕರೆ, ವಾಟ್ಸಾಪ್ 'ಆಲ್ವೇಸ್ ಅಲೌಡ್' ಪಟ್ಟಿಯಲ್ಲಿರಲಿ, ನೋಟ್ಸ್‌ಗೆ ತೊಂದರೆ ಆಗಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ: 'ಬ್ಲಾಕ್ ಅಟ್ ಎಂಡ್ ಆಫ್ ಲಿಮಿಟ್', 'ಬ್ಲಾಕ್ ಅಟ್ ಡೌನ್‌ಟೈಮ್' ಎರಡನ್ನೂ ಆನ್ ಮಾಡದಿದ್ದರೆ ಸಮಯ ಮುಗಿದಾಗ 'ಇಗ್ನೋರ್ ಲಿಮಿಟ್' ಅಂತ ಬರುತ್ತದೆ. ಹುಡುಗ ಅದನ್ನು ಒತ್ತಿ ನೋಡುತ್ತಲೇ ಇರುತ್ತಾನೆ, ನೀವು ಬೀಗ ಇದೆ ಅಂದುಕೊಂಡಿರುತ್ತೀರಿ.

ನಿಮ್ಮ ಆಂಡ್ರಾಯ್ಡ್‌ನಿಂದಲೇ ಆಗುವ ಕೆಲಸವೂ ಒಂದಿದೆ. ಇನ್‌ಸ್ಟಾಗ್ರಾಮ್‌ನ ಪೋಷಕರ ಮೇಲ್ವಿಚಾರಣೆ ಫೋನಿಗಲ್ಲ, ಅಕೌಂಟಿಗೆ ಅಂಟಿಕೊಂಡಿರುತ್ತದೆ. ನೀವೂ ಒಂದು ಅಕೌಂಟ್ ತೆರೆದು ಆಹ್ವಾನ ಕಳಿಸಿ, ಮಗ ಒಪ್ಪಿದರೆ ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟಕ್ಕೆ ಬಂದ್ ಅಂತ ಇಲ್ಲಿಂದಲೇ ಇಡಬಹುದು. ಭಾರತದಲ್ಲಿ 2025ರಿಂದ ಹದಿಹರೆಯದವರಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ಟೀನ್ ಅಕೌಂಟ್, ಅಂದರೆ ಬಿಗಿ ಸೆಟ್ಟಿಂಗ್ ಮೊದಲೇ ಹಾಕಿರುವ ಅಕೌಂಟ್, ಇದೆ. 16 ತುಂಬದವರು ಅದರ ಬಿಗಿಯನ್ನು ಸಡಿಲಿಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ವಯಸ್ಸು ಸುಳ್ಳು ಹೇಳಿ ತೆರೆದಿದ್ದರೆ ಇದರ ರಕ್ಷಣೆ ಸಿಗಲ್ಲ, ಮೊದಲು ಅದನ್ನು ಸರಿಮಾಡಿಸಿ.

ಮಗಳ ಫೋನಿಗೆ ಇಷ್ಟು ಸಾಕು: ಹೊಸ ಆಪ್‌ಗೆ ನಿಮ್ಮ ಒಪ್ಪಿಗೆ, ರಾತ್ರಿ ಮಲಗುವ ಸಮಯ.

ಇನ್ನು ಮೆಸೇಜ್ ಓದುವ ಆಪ್. ದಯವಿಟ್ಟು ಬೇಡ. ಫ್ಯಾಮಿಲಿ ಲಿಂಕ್ ಆಗಲಿ ಸ್ಕ್ರೀನ್ ಟೈಮ್ ಆಗಲಿ ವಾಟ್ಸಾಪ್ ಮೆಸೇಜ್ ಓದಿಸುವುದಿಲ್ಲ. ಇನ್‌ಸ್ಟಾಗ್ರಾಮ್ ಕೂಡ ಇತ್ತೀಚೆಗೆ ಯಾರ ಜೊತೆ ಮಾತಾಡಿದ ಅಂತ ಮಾತ್ರ ತೋರಿಸುತ್ತದೆ, ಏನು ಮಾತಾಡಿದ ಅಂತಲ್ಲ. ಓದಿಸುತ್ತೇವೆ ಅನ್ನುವ ಗುಪ್ತ ಆಪ್‌ಗಳು ನಿಮ್ಮ ಮಗನ ಫೋಟೊ, ಪಾಸ್‌ವರ್ಡ್ ಎಲ್ಲವನ್ನೂ ಯಾರದೋ ಕೈಗೆ ಕೊಡುತ್ತವೆ. 15 ವರ್ಷದ ಹುಡುಗನಿಗೆ ಗೊತ್ತಾದ ದಿನ ಅವನು ನಿಮಗೆ ಏನೂ ಹೇಳದ ಹಾಗಾಗುತ್ತಾನೆ. ಮೇಲಿನ ಸೆಟ್ಟಿಂಗ್‌ಗಳನ್ನೂ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ, ಪಾಸ್‌ಕೋಡ್ ಒತ್ತುವಾಗ ಮಾತ್ರ ಮರೆಮಾಡಿ. ಎಷ್ಟು ಹೊತ್ತು ಅನ್ನುವುದರಲ್ಲಿ ಅವನ ಮಾತೂ ಇರಲಿ. ರಾತ್ರಿ ಫೋನ್ ಚಾರ್ಜಿಗೆ ಹಾಲ್‌ನಲ್ಲಿರಲಿ, ನಿಮ್ಮದೂ ಯಜಮಾನರದ್ದೂ ಸೇರಿ.

ಜೊತೆಗೆ ಅವನಿಗೆ ಒಂದು ಮಾತು ಕೊಡಿ: ಯಾರಾದರೂ ಫೋಟೊ ಹಿಡಿದು ಹೆದರಿಸಿದರೆ, ದುಡ್ಡು ಕೇಳಿದರೆ, ನನಗೆ ಹೇಳು, ಹೇಳಿದ್ದಕ್ಕೆ ಫೋನ್ ಕಿತ್ತುಕೊಳ್ಳಲ್ಲ. ಅಂಥದ್ದೇನಾದರೂ ಆದರೆ ದುಡ್ಡು ಕಳಿಸಬೇಡಿ, ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟು ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098. ಎರಡೂ ನಂಬರ್ ಇಬ್ಬರು ಮಕ್ಕಳ ಫೋನಿನಲ್ಲೂ ಸೇವ್ ಮಾಡಿಡಿ.