ಮುಚ್ಚಳದ ಸದ್ದಾಗದಂತೆ

ಶಿರಸಿ ಹತ್ತಿರದ ಹಳ್ಳಿಯಿಂದ ಬರೆದ ಅಕ್ಕನಿಗೆ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಬೆಂಗಳೂರಿನಿಂದ ಮಗಳು ರಾತ್ರಿ 9ಕ್ಕೆ ಫೋನ್ ಮಾಡುತ್ತಾಳೆ. 'ಆನು ಆರಾಮಿದ್ದಿ' ಎಂದು ಹೇಳಿ ಇಡುತ್ತೀರಿ. ಆಮೇಲೆ ಒಳಗೆ ಹೋಗಿ ತೊಡದೇವಿನ, ನಮ್ಮ ಕಡೆಯ ಆ ತೆಳ್ಳನೆಯ ಸಿಹಿತಿಂಡಿಯ, ಡಬ್ಬ ತೆಗೆಯುತ್ತೀರಿ, ಊಟವಾಗಿ ಅರ್ಧ ಗಂಟೆಯೂ ಕಳೆದಿರುವುದಿಲ್ಲ. ಮರುದಿನ ಪಶ್ಚಾತ್ತಾಪಕ್ಕೆ ಬೆಳಗಿನ ತಿಂಡಿ ಬಿಡುತ್ತೀರಿ. 'ಇದು ಬಾಯಿಚಪಲವೋ, ರೋಗವೋ?' ಎಂದು ಕೇಳಿದ್ದೀರಿ.

ನಿಮ್ಮ ಪತ್ರದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. ಯಜಮಾನರಿಗೆ ಎಚ್ಚರವಾಗಬಾರದೆಂದು ಮುಚ್ಚಳವನ್ನು ಉಗುರಿನಲ್ಲಿ ಮೆಲ್ಲಗೆ ಮೀಟಿ ತೆಗೆಯುತ್ತೀರಂತೆ. ನಿಮ್ಮದೇ ಮನೆ, ಗಡಿಗೆಯ ಬೆನ್ನ ಮೇಲೆ ನೀವೇ ಮಾಡಿದ ತೊಡದೇವು. ಆದರೂ ಕದ್ದು ತಿನ್ನುವಷ್ಟು ನಾಚಿಕೆ! ತಿಂದದ್ದಕ್ಕಿಂತ ಈ ನಾಚಿಕೆಯೇ ನಿಮ್ಮನ್ನು ಹೆಚ್ಚು ಸುಡುತ್ತಿದೆ.

ಬಾಯಿಚಪಲ ಅಲ್ಲ ಅಕ್ಕಾ. ನಮ್ಮ ಕಡೆ ಮನೆಗೆ ಬಂದವರಿಗೆ 'ಆಸರಿಗೆ ಎಂತ ಬೇಕು?' ಎಂದು, ಅಂದರೆ ಕುಡಿಯಲು ಏನು ಬೇಕೆಂದು, ಕೇಳಿದ ಮೇಲೆಯೇ ಉಳಿದ ಮಾತು. ಬಿದ್ದು ಅತ್ತ ಮಗುವಿನ ಬಾಯಿಗೆ ಬೆಲ್ಲದ ಚೂರು. ಸಮಾಧಾನಕ್ಕೆ ತಿನ್ನುವುದನ್ನು ಚಿಕ್ಕಂದಿನಿಂದಲೇ ಕಲಿತವರು ನಾವು. ದೇಹವೂ ಅದಕ್ಕೆ ಸೈ ಎನ್ನುತ್ತದೆ: ಚಿಂತೆ ಬಹಳ ದಿನ ಉಳಿದರೆ ಕಾರ್ಟಿಸಾಲ್ ಎಂಬ ಹಾರ್ಮೋನ್ ಹೆಚ್ಚಿ ಸಿಹಿಯ, ಜಿಡ್ಡಿನ ಆಸೆ ಕೆರಳುತ್ತದೆ. ನಿದ್ದೆಗೆಟ್ಟರೆ ಹಸಿವೆ ಹುಟ್ಟಿಸುವ ಗ್ರೆಲಿನ್ ಬೇರೆ ಏರುತ್ತದೆ.

ಹೊಟ್ಟೆಯ ಹಸಿವೆ ನಿಧಾನಕ್ಕೆ ಬರುತ್ತದೆ, ಮಜ್ಜಿಗೆ ಅನ್ನಕ್ಕೂ ಒಪ್ಪುತ್ತದೆ. ಬೇಜಾರಿನ ಹಸಿವೆ ಒಮ್ಮೆಲೇ ಬಂದು ತೊಡದೇವೇ ಬೇಕೆನ್ನುತ್ತದೆ. ಡಬ್ಬದ ಮುಂದೆ ನಿಂತಾಗ 'ಈಗ ಮಜ್ಜಿಗೆ ಅನ್ನ ಉಣ್ಣುತ್ತೇನಾ?' ಎಂದು ಕೇಳಿಕೊಳ್ಳಿ. ತಿಂಡಿ ಬಿಡುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಹಗಲು ಹಸಿದ ದೇಹ ರಾತ್ರಿ ಬಡ್ಡಿ ಸಮೇತ ವಸೂಲು ಮಾಡುತ್ತದೆ.

ಇನ್ನು ರೋಗದ ಮಾತು. ಸ್ವಲ್ಪ ಹೊತ್ತಿನಲ್ಲೇ ಮಿತಿಮೀರಿ ತಿನ್ನುವುದು, ಬೇಡವೆಂದರೂ ಕೈ ನಿಲ್ಲದಿರುವುದು, ವಾರಕ್ಕೊಮ್ಮೆಯಾದರೂ ಹೀಗೆ 3 ತಿಂಗಳು ನಡೆದರೆ ವೈದ್ಯರು ಅದನ್ನು ಕಾಯಿಲೆಯೆಂದೇ ನೋಡುತ್ತಾರೆ. ಚಿಕಿತ್ಸೆ ಇದೆ. ಘಟ್ಟ ಇಳಿದು ಕಾರವಾರದ ಆಸ್ಪತ್ರೆಯವರೆಗೆ ಹೋಗುವ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆ ಫೋನಿನ ವಿಷಯ ಉಳಿಯಿತು. 'ಆರಾಮಿದ್ದಿ' ಎನ್ನುವಾಗ ನೀವು ನುಂಗಿಕೊಂಡ ಮಾತಿನ ಹಿಂದೆಯೇ ತೊಡದೇವು ಬರುತ್ತಿದೆ ಎಂದು ನನಗೆ ಕಾಣುತ್ತದೆ. ನಾಳೆ ಒಮ್ಮೆ 'ನೀ ಇಲ್ದೆ ಬೇಜಾರಾಗ್ತು ಕೂಸೇ' ಎಂದುಬಿಡಿ. ಡಬ್ಬವನ್ನು ಹಗಲಲ್ಲೇ ಜಗುಲಿಗೆ ತಂದು, ಯಜಮಾನರ ಜೊತೆ ಕೂತು, ತುಪ್ಪ ಹಾಕಿಕೊಂಡು ಎರಡು ತಿನ್ನಿ.

ಮಗಳು ಏನೆಂದಳು, ಬರೆಯಿರಿ. ಕಾಯುತ್ತಿರುತ್ತೇನೆ.

— ಸಂ.